ಓದುವವಳು ನಾನು, ಮಾಡುವವಳು ಜೈತೂನ್

ನನ್ನ ಪರ್ಸಿನಲ್ಲಿ ಹೆಬ್ಬೆರಳುದ್ದದ ಒಂದು ಪೆನ್ಸಿಲ್ ತುಂಡು ಯಾವಾಗಲೂ ಇರುತ್ತದೆ. ಮೊನ್ನೆ ಕಾಂದಿವಲಿ ಸ್ಟೇಷನ್ನಿನಲ್ಲಿ ಟಿಕೆಟ್ ತಪಾಸಣೆಯ ಹುಡುಗಿ ಪಾಸ್ ಕೇಳಿದಾಗ ಗಡಿಬಿಡಿಯಲ್ಲಿ ಅದನ್ನೇ ತೆಗೆದು ಅವಳ ಮುಂದೆ ಹಿಡಿದೆ. ಅವಳು ಪೆನ್ಸಿಲನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಆಂಟಿ, ಯೇ ಕ್ಯಾ ಹೈ?" ಎಂದಳು. ಹೇಳುವುದಕ್ಕೆ ಬಹಳ ಇತ್ತು. ಆದರೆ ಹಿಂದೆ ನಿಂತವರು ನೂಕುತ್ತಿದ್ದರು, ಪಾಸ್ ತೋರಿಸಿ ಮುಂದೆ ಹೋದೆ. ಆಗ ಹೇಳಲಾಗದ್ದನ್ನು ಈಗ ನಿಮಗೆ ಹೇಳುತ್ತೇನೆ. ನಿಮಗೇನೂ ಅವಸರವಿಲ್ಲ ಎಂದುಕೊಂಡಿದ್ದೇನೆ.

ಅದು ಪುಸ್ತಕಗಳಲ್ಲಿ ಗೆರೆ ಎಳೆಯುವ ಪೆನ್ಸಿಲ್. ಬದುಕನ್ನು ತಿದ್ದಿಕೊಳ್ಳಿ ಎಂದು ಹೇಳುವ ಪುಸ್ತಕಗಳು ಇರುತ್ತವಲ್ಲ, ಮುಖಪುಟದಲ್ಲಿ ಒಬ್ಬ ಮನುಷ್ಯ ಬೆಟ್ಟದ ತುದಿಯಲ್ಲಿ ಎರಡೂ ಕೈ ಎತ್ತಿ ನಿಂತಿರುತ್ತಾನೆ, ಹಿಂದೆ ಸೂರ್ಯ ಮೂಡುತ್ತಿರುತ್ತಾನೆ, ಅಂಥವು. ನನಗೆ ಅವುಗಳ ಮೇಲೆ ವಿಪರೀತ ಮೋಹ. ಮಾಟುಂಗದಲ್ಲಿ ಕನ್ನಡ ಸಂಘದವರ ಕಾರ್ಯಕ್ರಮವಿದ್ದರೆ ನಾನು ಸಭೆಯೊಳಗೆ ಕೂರುವ ಮೊದಲು ಹೊರಗೆ ಇಟ್ಟಿರುವ ಪುಸ್ತಕದ ಮೇಜಿನ ಹತ್ತಿರ ಹೋಗುತ್ತೇನೆ. ಬೆಳಿಗ್ಗೆ ಬೇಗ ಏಳುವುದು ಹೇಗೆ, ಹೆದರಿಕೆ ಬಿಡುವುದು ಹೇಗೆ, ಯಾರಿಗಾದರೂ ಮುಖ ಕೊಟ್ಟು 'ಆಗುವುದಿಲ್ಲ' ಎನ್ನುವುದು ಹೇಗೆ, ಎಲ್ಲವನ್ನೂ ಕೊಂಡಿದ್ದೇನೆ. ಕೊಂಡು ಮನೆಗೆ ತರುವಷ್ಟರಲ್ಲೇ ನಾನು ಅರ್ಧ ಸುಧಾರಿಸಿದ ಹಾಗೆ ನನಗೆ ಅನಿಸುತ್ತದೆ.

ಮನೆಯಲ್ಲಿ ಟಿವಿಯ ಪಕ್ಕದ ಶೆಲ್ಫಿನಲ್ಲಿ ಇಂಥವು ನಲವತ್ತರ ಹತ್ತಿರ ಇವೆ. ಯಾವುದನ್ನಾದರೂ ತೆಗೆದು ನೋಡಿ. ಮೊದಲ ಮೂವತ್ತು ಪುಟಗಳಲ್ಲಿ ಸಾಲು ಬಿಡದೆ ಗೆರೆ ಎಳೆದಿದೆ. ಅಂಚಿನಲ್ಲಿ 'ಹೌದು!', 'ನಾಳೆಯಿಂದಲೇ!' ಎಂದು ಬರೆದಿದೆ. ಮೂವತ್ತೊಂದನೆಯ ಪುಟದಿಂದ ಪುಸ್ತಕ ಅಂಗಡಿಯಲ್ಲಿ ಇದ್ದ ಹಾಗೆಯೇ ಇದೆ. ಮಗಳು ಅನಘಾ ಒಂದು ಭಾನುವಾರ ಧೂಳು ಒರೆಸುವಾಗ ಇದನ್ನು ಪತ್ತೆ ಮಾಡಿದಳು. ಮುಂಬೈಯಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಅಷ್ಟಕ್ಕಷ್ಟೆ. "ಅಮ್ಮಾ, ನಿನ್ನ ಲೈಫ್ ನಾ, ಪೇಜ್ ಥರ್ಟಿ ತಕ್ ಏಕ್‌ದಮ್ ಸೆಟ್ ಉಂಟು" ಎಂದಳು.

ಗಂಡ ಸುಧಾಕರ್ ಸೋಫಾದಿಂದಲೇ ದನಿಗೂಡಿಸಿದರು. "ಐದು ಗಂಟೆಗೆ ಏಳುವ ಪುಸ್ತಕವನ್ನು ಎಂಟು ಗಂಟೆಯವರೆಗೆ ಮಲಗಿಕೊಂಡೇ ಓದುವವಳು ಇಡೀ ಕಾಂದಿವಲಿಯಲ್ಲಿ ಇವಳೊಬ್ಬಳೇ ಮಾರಾಯ್ತಿ." ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲದ್ದರಿಂದ ನಾನು ಅಡುಗೆಮನೆಗೆ ಹೋದೆ.

ಈ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅಪ್ಪ ಉಡುಪಿಯ ಕಡೆಯಿಂದ ಬಂದು ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆಯ ದೋಸೆ ಶುರುವಾಗುವ ನಡುವೆ ಒಂದು ಗಂಟೆ ಹೋಟೆಲಿಗೆ ಹೋಟೆಲೇ ತೂಕಡಿಸುತ್ತಿತ್ತು. ಆ ಹೊತ್ತಿನಲ್ಲಿ ಅಪ್ಪ ಗಲ್ಲಾದ ಕೆಳಗಿನಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆಯುತ್ತಿದ್ದರು. ಯಾರೋ ಗಿರಾಕಿ ಮೇಜಿನ ಮೇಲೆ ಮರೆತುಹೋಗಿ ಮತ್ತೆ ಕೇಳಿಕೊಂಡು ಬಾರದೆ ಉಳಿದ ಪುಸ್ತಕ ಅದು. ಅದಕ್ಕೆ ಕ್ಯಾಲೆಂಡರಿನ ದಪ್ಪ ಕಾಗದದ ಬೈಂಡು. ಶಾಲೆ ಬಿಟ್ಟು ನಾನು ಹೋಟೆಲಿಗೆ ಬಂದರೆ ಅಪ್ಪ ಡಿಕ್ಷನರಿ ನನ್ನ ಕೈಗೆ ಕೊಟ್ಟು ತಾವು ಒಂದೊಂದೇ ಶಬ್ದ ಹೇಳುತ್ತಿದ್ದರು, ನಾನು ಅರ್ಥ ಹುಡುಕಬೇಕು. ನನಗೆ ಅದಕ್ಕೆ ಸಂಬಳ ಒಂದು ಬನ್ಸು.

ಆ ಪುಸ್ತಕದಲ್ಲಿ ಎದುರಿಗಿದ್ದವರನ್ನು ಅವರ ಹೆಸರು ಹಿಡಿದು ಮಾತಾಡಿಸಬೇಕು ಎಂದಿತ್ತಂತೆ. ಅಪ್ಪ ಮರುದಿನದಿಂದಲೇ ಶುರು ಮಾಡಿದರು. ದಿನಾ ಬರುವ ಗಿರಾಕಿಗಳ ಹೆಸರೆಲ್ಲ ಕೇಳಿ ಒಂದು ವಹಿಯಲ್ಲಿ ಬರೆದುಕೊಂಡರು. ಮೂಲೆಯ ಮೇಜಿನಲ್ಲಿ ರಸಂ ವಡೆ ತಿನ್ನುತ್ತಿದ್ದ ಒಬ್ಬ ಗಂಭೀರ ಮನುಷ್ಯನನ್ನು ಮಾತ್ರ ಅದು ಹೇಗೋ ಬೇರೆಯವರ ಹೆಸರಿಗೆ ಹಚ್ಚಿಬಿಟ್ಟಿದ್ದರು. ಹನ್ನೆರಡು ವರ್ಷ ಅವರನ್ನು "ಬನ್ನಿ ಸುಂದರಂ ಸರ್" ಎಂದು ಕರೆದರು. ಅಪ್ಪ ಕೆಲಸ ಬಿಡುವ ದಿನ ಆ ಮನುಷ್ಯ ಬಂದು, ತನ್ನ ಹೆಸರು ಸುಂದರಂ ಅಲ್ಲವೆಂದೂ, ಆದರೆ ಈ ಊರಿನಲ್ಲಿ ಬೇರೆ ಯಾರೂ ತನ್ನನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲವಾದ್ದರಿಂದ ಸುಮ್ಮನಿದ್ದೆನೆಂದೂ ಹೇಳಿ ಅಪ್ಪನ ಕೈ ಹಿಡಿದುಕೊಂಡರಂತೆ. ಅಪ್ಪ ಇದನ್ನು ಹೇಳುವಾಗಲೆಲ್ಲ ಅರ್ಧ ನಗು, ಅರ್ಧ ನಾಚಿಕೆ. ಆದರೂ ನೋಡಿ, ಒಂದೇ ಪುಸ್ತಕ ಓದಿ ಅಪ್ಪ ಒಂದು ಕೆಲಸ ಮಾಡಿದರು. ನಾನು ನಲವತ್ತು ಓದಿದ್ದೇನೆ.

ಜೈತೂನಳ ವಿಷಯ ಹೇಳಬೇಕೆಂದೇ ಶುರು ಮಾಡಿದ್ದು, ನಡುವೆ ಅಪ್ಪ ಬಂದರು. ಜೈತೂನ್ ನನ್ನ ಲೋಕಲ್ ರೈಲಿನ ಗೆಳತಿ. ನನಗೆ ವಿಲೆ ಪಾರ್ಲೆಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಅವಳಿಗೆ ಅಲ್ಲೇ ಮಾರ್ಕೆಟ್ಟಿನ ಗಲ್ಲಿಯ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ. ಇಬ್ಬರೂ ಕಾಂದಿವಲಿಯವರು. ಬೆಳಗಿನ ಹೊತ್ತು ಕಾಂದಿವಲಿಯಲ್ಲಿ ಹತ್ತಿದರೆ ಕೂರುವುದಿರಲಿ, ಎರಡೂ ಕಾಲು ಒಟ್ಟಿಗೆ ಊರುವುದೂ ಕಷ್ಟ. ಆದ್ದರಿಂದ ನಾವು ಮೊದಲು ಉಲ್ಟಾ ದಿಕ್ಕಿನ ಗಾಡಿ ಹತ್ತಿ ಒಂದು ಸ್ಟೇಷನ್ ಹಿಂದಕ್ಕೆ, ಬೋರಿವಲಿಗೆ ಹೋಗುತ್ತೇವೆ. ಅದೇ ಗಾಡಿ ಅಲ್ಲಿಂದ ತಿರುಗಿ ಹೊರಡುವಾಗ ನಾವು ಕಿಟಕಿಯ ಪಕ್ಕ ಮಹಾರಾಣಿಯರ ಹಾಗೆ ಕೂತಿರುತ್ತೇವೆ. ಮುಂದೆ ಹೋಗಲು ಹಿಂದೆ ಹೋಗಬೇಕಾದ ಈ ಕ್ರಮದ ಬಗ್ಗೆ ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಕೆಲವು ದಿನ ಬೋರಿವಲಿಯಲ್ಲೂ ಸೀಟು ಸಿಗದೆ, ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತೇ ಪಾರ್ಲೆ ಮುಟ್ಟುವುದೂ ಉಂಟು.

ನಾಲ್ಕು ವರ್ಷದ ಹಿಂದೆ, ಸೀಟು ಸಿಕ್ಕಿದ ಒಂದು ಬೆಳಿಗ್ಗೆ ನಾನು ಪುಸ್ತಕ ಬಿಡಿಸಿ ಗೆರೆ ಎಳೆಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ, ಬುರ್ಖಾದ ತೋಳಿಗೆ ದಾರದ ಚೂರುಗಳು ಅಂಟಿಕೊಂಡಿದ್ದ ಹೆಂಗಸು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಆಮೇಲೆ ತಡೆಯಲಾರದೆ, "ಕನ್ನಡ ಏನ್ರೀ ಅದು?" ಎಂದಳು. ಸಿಂದಗಿ ಕಡೆಯವಳು. ಮನೆಯಲ್ಲಿ ದಖ್ನಿ ಉರ್ದು, ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ. ಗಂಡ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೆಲ್ಡರ್.

"ಓದಾಕ ಬರ್ತದ್ರೀ ಅಕ್ಕಾರ. ಖರೆ ಅಕ್ಷರ ಕೂಡಿಸಿ ಕೂಡಿಸಿ ಒಂದ್ ಸಾಲು ಮುಗಸೂದ್ರಾಗ ಅಂಧೇರಿ ಬಂದಿರ್ತದ" ಎಂದು ನಕ್ಕಳು. "ನೀವು ಸ್ವಲ್ಪ ಜೋರ್ ಓದ್ರೀ. ನನಗೂ ಕೇಳ್ತದ."

ಅಂದಿನಿಂದ ನಮ್ಮ ವಾಚನ ಶುರುವಾಯಿತು. ನಾನು ಓದುವುದು, ಅವಳು ಕೇಳುವುದು. ಸುತ್ತ ಮರಾಠಿಯಲ್ಲಿ ಭಜನೆ, ಗುಜರಾತಿಯಲ್ಲಿ ಜಗಳ, ಫೋನಿನಲ್ಲಿ ರೀಲು. ನಡುವೆ ನಮ್ಮಿಬ್ಬರ ಕನ್ನಡ. ನನಗೆ ಒಳಗೊಳಗೇ ಹೆಮ್ಮೆ. ನಾನು ಗುರು, ಅವಳು ಶಿಷ್ಯೆ ಎಂದುಕೊಂಡಿದ್ದೆ.

ಆ ಹೆಮ್ಮೆ ಒಂದು ವಾರವೂ ಬಾಳಲಿಲ್ಲ. ಸೋಮವಾರ ನಾನು ಓದಿದ್ದು, ಎಲ್ಲರ ಕೆಲಸಕ್ಕೂ ತಲೆಯಾಡಿಸಬೇಡಿ, ಆಗದ್ದನ್ನು ನಯವಾಗಿ ಆಗದು ಎನ್ನಿ ಎಂಬ ಭಾಗ. ಶುಕ್ರವಾರ ಅವಳು ಹೇಳಿದಳು: "ನಮ್ಮ ನಾದಿನಿಗಿ ಹೇಳಿಬಿಟ್ಟೆ ನೋಡ್ರೀ. ಇನ್ನ ಮ್ಯಾಲ ಹಬ್ಬದ ಹಿಂದಿನ ದಿನ ನಾಕ್ ನಾಕ್ ಡ್ರೆಸ್ ತಂದು ಒಗೀಬ್ಯಾಡವಾ, ಮೊದಲs ತಾ ಅಂದೆ. ಎರಡ ದಿನ ಮಾರಿ ಉಬ್ಬಿಸಿಕೊಂಡಿದ್ಲು. ಈಗ ಆರಾಮ ಅದಾಳ." ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಕುತೂಹಲದಿಂದ, "ನೀವು ಯಾರಿಗಿ ಅಂದ್ರೀ ಅಕ್ಕಾರ?" ಎಂದಳು.

ನಾನು ಕಿಟಕಿಯ ಹೊರಗೆ ನೋಡಿದೆ. ನಾನು ಯಾರಿಗೂ ಏನೂ ಅಂದಿರಲಿಲ್ಲ. ಆ ಸಾಲಿನ ಕೆಳಗೆ ಎರಡು ಗೆರೆ ಮಾತ್ರ ಎಳೆದಿದ್ದೆ. ಓದಿದ್ದನ್ನು ಮಾಡಲೂಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ ಎಂದರೆ ನೀವು ನಗಬೇಡಿ. ಜೈತೂನಳಿಗೆ ಪುಸ್ತಕವೆಂದರೆ ಡಾಕ್ಟರ ಚೀಟಿ, ಬರೆದದ್ದನ್ನು ತೆಗೆದುಕೊಳ್ಳಲೇಬೇಕು. ಹೀಗೆ ಮೂರು ವರ್ಷಗಳಲ್ಲಿ ಅವಳು ಬೆಳಿಗ್ಗೆ ಬೇಗ ಏಳತೊಡಗಿದಳು, ಮನೆಯ ಬೇಡದ ಸಾಮಾನು ಹೊರಗೆ ಹಾಕಿದಳು, ಗಂಡನ ಜೊತೆ ದಿನಾ ಹತ್ತು ನಿಮಿಷ ಫೋನು ಬದಿಗಿಟ್ಟು ಮಾತಾಡುವ ಕ್ರಮ ತಂದಳು. ಆ ಪಾಪದ ಮನುಷ್ಯ ಮೊದಲ ದಿನ, "ಕ್ಯಾ ಹುವಾ, ಕೋಯಿ ಮರ್ ಗಯಾ ಕ್ಯಾ?" ಎಂದು, ಯಾರೋ ತೀರಿಕೊಂಡರೆಂದೇ ಗಾಬರಿಯಾದನಂತೆ.

ಕಳೆದ ವರ್ಷ ದೀಪಾವಳಿಗೆ ಎರಡು ತಿಂಗಳಿರುವಾಗ ನಾನು ಒಂದು ಹೊಸ ಪುಸ್ತಕ ಶುರು ಮಾಡಿದೆ. ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ, ಕೇಳದೆಯೇ ನಿಮ್ಮಷ್ಟಕ್ಕೆ ನೀವೇ 'ಇಲ್ಲ' ಎಂದುಕೊಳ್ಳಬೇಡಿ ಎಂದು ಅದರಲ್ಲಿತ್ತು. ಮರುದಿನ ಜೈತೂನ್ ಬೋರಿವಲಿಯಲ್ಲಿ ಸೀಟು ಹಿಡಿದ ಕೂಡಲೇ, "ಕೇಳಿದೆ ರೀ" ಎಂದಳು.

"ಏನನ್ನು?"

"ಕತ್ತರಿ."

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಅವರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ಒಬ್ಬರೇ, ಕಟಿಂಗ್ ಮಾಸ್ಟರ್. ಅಳತೆ ಹಿಡಿದು, ಚಾಕಿನಲ್ಲಿ ಗೆರೆ ಹಾಕಿ, ಕತ್ತರಿ ಆಡಿಸುವುದು ಅವರ ಹಕ್ಕು. ಹೊಲಿಯುವವರು ಬೇರೆ. ಹೆಂಗಸರಿಗೆ ಉಳಿದದ್ದು ಕೈಕೆಲಸ: ಹುಕ್ ಹಚ್ಚುವುದು, ಹೆಮ್ಮಿಂಗು, ಸೀರೆಗೆ ಫಾಲ್. ಮಾಸ್ಟರನ ಕತ್ತರಿಯನ್ನು ಬೇರೆಯವರು ಮುಟ್ಟುವ ಹಾಗೂ ಇಲ್ಲ. ಜೈತೂನ್ ಹನ್ನೊಂದು ವರ್ಷ ಅಲ್ಲಿ ಹುಕ್ ಹಚ್ಚಿದ್ದಳು. ಹನ್ನೊಂದು ವರ್ಷವೂ ಹುಕ್ ಹಚ್ಚುತ್ತಾ ಮಾಸ್ಟರನ ಕೈಯನ್ನೇ ನೋಡುತ್ತಿದ್ದಳು. ಮನೆಯಲ್ಲಿ ಹಳೆಯ ಚಾದರಗಳನ್ನು ಕತ್ತರಿಸಿ ಕತ್ತರಿಸಿ ಕಲಿತಿದ್ದಳು. ಈಗ ಮದುವೆಯ ಸೀಸನ್ನಿಗೆ ಅಂಗಡಿಯ ಒಡತಿ, ಮಾಲಕಿನ್, ಇನ್ನೊಬ್ಬ ಕಟರ್‌ನನ್ನು ಹುಡುಕುತ್ತಿದ್ದಾರೆ ಎಂದು ಗೊತ್ತಾಗಿ, ಅವರ ಮುಂದೆ ನಿಂತು, ಆ ಕೆಲಸ ನನಗೆ ಕೊಡಿ ಎಂದಿದ್ದಳು.

"ಅವರೇನು ಹೇಳಿದರು?"

"ನಕ್ರು ಮೊದಲ. ಆಮ್ಯಾಗ ಹೇಳಿದ್ರು, ಒಂದ ರೇಶ್ಮಿ ಬ್ಲೌಸ್, ಒಳಗ ಅಸ್ತರ್ ಹಚ್ಚಿದ್ದು, ನೀನs ಕಟ್ ಮಾಡಿ ತೋರ್ಸು. ಹ್ಯಾಂಗರ್ ಮ್ಯಾಲ ಎಲ್ಲಾ ಬ್ಲೌಸೂ ಛಂದ ಕಾಣ್ತಾವ, ಮೈಮ್ಯಾಲ ತೋರ್ಸು. ಸರಿ ಬಂದ್ರ ನೋಡೂಣು, ಇಲ್ಲಾಂದ್ರ ಮತ್ತ ಕೇಳಬಾರ್ದು ಅಂದ್ರು." ಅವಳು ನನ್ನ ಮುಖ ನೋಡಿದಳು. "ನನಗ ರೇಶ್ಮಿ ಬಟ್ಟಿ ಯಾರ್ ಕೊಡ್ತಾರ್ರೀ ಅಕ್ಕಾರ?"

ಆ ಪ್ರಶ್ನೆ ಯಾರಿಗೆ ಕೇಳಿದ್ದೆಂದು ನನಗೆ ಗೊತ್ತಿತ್ತು. ಯಾಕೆಂದರೆ ಹಿಂದಿನ ವಾರವಷ್ಟೇ ನಾನು ಅವಳ ಮುಂದೆ ಫೋನಿನಲ್ಲಿ ಫೋಟೋ ತೋರಿಸಿ ಮೆರೆದಿದ್ದೆ. ಅನಘಾಳ ನಿಶ್ಚಿತಾರ್ಥ ಮಾಟುಂಗದ ಹಾಲ್ ಒಂದರಲ್ಲಿ ಗೊತ್ತಾಗಿತ್ತು. ನಾನು ಉಡಲೆಂದು ಮಗಳೇ ಆರಿಸಿ ತಂದ ಬದನೆಕಾಯಿ ಬಣ್ಣದ ಸೀರೆ, ಅಂಗೈ ಅಗಲದ ಜರಿ ಅಂಚು, ಸೆರಗಿನ ಆಚೆಗೆ ಅದರದ್ದೇ ಬ್ಲೌಸ್ ಪೀಸು. ಆ ಪೀಸು ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಎರಡೂ ತೋಳು ಒಂದೇ ಕೈಯವಾಗಿ ಕತ್ತರಿಸಲ್ಪಟ್ಟು ಹಾಳಾದ ಬ್ಲೌಸುಗಳ ಕಥೆಯನ್ನು ನನಗೆ ಜೈತೂನಳೇ ಹೇಳಿದ್ದಳು.

ನಾನು, "ನೋಡುವಾ" ಎಂದೆ. ನಮ್ಮ ಕಡೆ 'ನೋಡುವಾ' ಎಂದರೆ ಏನರ್ಥವೆಂದು ನಿಮಗೆ ಗೊತ್ತು. ಅವಳಿಗೂ ಗೊತ್ತಾಯಿತು. "ಹೌದ್ರೀ, ಮನಿಯಾಗ ಕೇಳ್ರೀ" ಎಂದು, ನನ್ನನ್ನು ಮುಜುಗರದಿಂದ ಪಾರು ಮಾಡುವ ಹಾಗೆ ಮಾತು ಬೇರೆ ಕಡೆಗೆ ತಿರುಗಿಸಿದಳು.

ನಾಲ್ಕು ದಿನ ನಾನು ಆ ಪುಸ್ತಕ ತೆಗೆಯಲಿಲ್ಲ. ಅವಳೂ ಓದಿ ಎನ್ನಲಿಲ್ಲ. ಮನೆಯಲ್ಲಿ ಸುಧಾಕರ್, "ನಾಳೆ ಬೀಗರ ಮುಂದೆ ಎರಡೂ ಎಡಗೈ ತೋಳು ಹಾಕಿಕೊಂಡು ನಿಂತರೆ ಕಷ್ಟ ಉಂಟು" ಎಂದರು. ಅನಘಾ ಮಾತ್ರ, "ಅಮ್ಮಾ, ನೀನು ಅವರಿಗೆ ಥ್ರೀ ಇಯರ್ಸ್‌ನಿಂದ ಡೇರಿಂಗ್ ಮಾಡಿ ಅಂತ ಓದಿ ಹೇಳ್ತಿದ್ದಿ. ಅಬ್ ಅವರು ಮಾಡಿದ್ರು. ತೋ ನೀನು ಕೊಡಬೇಕು ನಾ?" ಎಂದಳು. ಎಡವುತ್ತಾ ಬಂದ ಕನ್ನಡವಾದರೂ ನೆಟ್ಟಗೆ ನಾಟಿತು. ನನಗೆ ನಾಚಿಕೆಯಾಯಿತು. ಮರುದಿನ ಬ್ಲೌಸ್ ಪೀಸನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ ಜೈತೂನಳ ಕೈಗೆ ಕೊಟ್ಟೆ. ಅವಳು ಅದನ್ನು ಬುರ್ಖಾದ ಒಳಗೆ ಎದೆಗೆ ಒತ್ತಿ ಹಿಡಿದುಕೊಂಡು ಪಾರ್ಲೆಯವರೆಗೆ ಕೈ ಸಡಿಲಿಸಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ಅಳತೆಗೆಂದು ಒಂದು ಹಳೆಯ ಬ್ಲೌಸ್ ಕೊಡಬೇಕಲ್ಲ. ಆಗ ನಾನು ಮನೆಯಲ್ಲಿ ಇನ್ನೊಂದು ಪುಸ್ತಕದ ಮೂವತ್ತು ಪುಟಗಳ ಒಳಗೆ ಇದ್ದೆ. ನೀವು ಏನಾಗಬೇಕೋ ಅದು ಈಗಾಗಲೇ ಆಗಿದ್ದೀರೆಂದು ನಂಬಿ ನಡೆಯಿರಿ ಎಂದು ಅದರಲ್ಲಿತ್ತು. ನಾನು ಏನಾಗಬೇಕೆಂದಿದ್ದೆ ಎಂದರೆ ತೆಳ್ಳಗೆ. ನಿಶ್ಚಿತಾರ್ಥಕ್ಕೆ ಇನ್ನೂ ಆರು ವಾರ, ಬೆಳಿಗ್ಗೆ ನಡಿಗೆ, ರಾತ್ರಿ ಬರೀ ಸಾರು. ಆದ್ದರಿಂದ ಕಪಾಟಿನ ತಳದಿಂದ ಅನಘಾ ಹತ್ತನೆಯ ತರಗತಿಯಲ್ಲಿದ್ದಾಗ ನಾನು ತೊಡುತ್ತಿದ್ದ ಹಸಿರು ಬ್ಲೌಸ್ ತೆಗೆದು, ಇದೇ ಅಳತೆ ಎಂದು ಕೊಟ್ಟೆ. ಹೀಗೆ ಆಗಲಿರುವ ನನ್ನ ಅಳತೆಯನ್ನು ದರ್ಜಿಗೆ ಕೊಟ್ಟು, ಆಗಿರುವ ನಾನು ನಿಶ್ಚಿಂತೆಯಿಂದ ಇದ್ದೆ.

ನಡಿಗೆ ಐದು ದಿನ ನಡೆಯಿತು. ಆರನೆಯ ದಿನ ಮಳೆ, ಏಳನೆಯ ದಿನ ಗಣಪತಿ ಹಬ್ಬದ ಮೋದಕ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ನಾನು ಹಾಗೇ ಇದ್ದೆ, ಬಹುಶಃ ಮೋದಕದಷ್ಟು ಹೆಚ್ಚಾಗಿದ್ದೆ. ಆಗ ತಟ್ಟನೆ ಗೊತ್ತಾಯಿತು. ಬ್ಲೌಸ್ ಆ ಹಸಿರು ಅಳತೆಗೆ ಸರಿಯಾಗಿ ಕತ್ತರಿಸಿದ್ದರೆ ನನ್ನ ಮೈಗೆ ಬರುವುದಿಲ್ಲ. ನನ್ನ ಮೈಗೆ ಬಾರದಿದ್ದರೆ ಮಾಲಕಿನ್ ಮುಂದೆ ಅದು ಜೈತೂನಳ ತಪ್ಪಾಗುತ್ತದೆ. ಹನ್ನೊಂದು ವರ್ಷ ಕಾದು ಕೇಳಿದ ಒಂದು ಅವಕಾಶ ನನ್ನ ಜಂಬಕ್ಕೆ ಬಲಿಯಾಗುತ್ತದೆ. ಆ ದಿನವೇ ಹೇಳಬೇಕೆಂದು ಹೊರಟೆ. ಸ್ಟೇಷನ್ನಿನಲ್ಲಿ ಜೈತೂನ್ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಳು. ಮುಖ ಇಸ್ತ್ರಿ ಮಾಡಿದ ಹಾಗಿತ್ತು.

"ಆಗ್ಯಾದ್ರೀ ಅಕ್ಕಾರ. ಇವತ್ತs ತೋರ್ಸೂಣು ಬರ್ರೀ. ಮಾಲಕಿನ್ ಒಂಬತ್ತೂವರಿಗೇ ಬರ್ತೇನಂದಾರ."

ಗಾಡಿ ಬೋರಿವಲಿ ಮುಟ್ಟಿ ತಿರುಗಿತು. ಸೀಟೂ ಸಿಕ್ಕಿತು. ನಾನು ಬಾಯಿ ತೆರೆಯಬೇಕೆನ್ನುವಾಗ ಮಲಾಡ್ ಬಂತು, ನಾಲ್ಕು ಜನ ನಮ್ಮ ಮೈಮೇಲೆ ಬಂದರು. ಗೋರೆಗಾಂವ್‌ನಲ್ಲಿ ಹೇಳೋಣವೆಂದುಕೊಂಡೆ, ಅಲ್ಲಿ ಅವಳು ತನ್ನ ಮಗಳ ಶಾಲೆಯ ವಿಷಯ ತೆಗೆದಳು. ಜೋಗೇಶ್ವರಿಯಲ್ಲಿ ಹೆದರಿಕೆಯನ್ನು ಗೆಲ್ಲುವ ಬಗ್ಗೆ ನಾನು ಗೆರೆ ಎಳೆದ ಸಾಲುಗಳನ್ನು ಒಂದರ ಹಿಂದೆ ಒಂದು ನೆನೆದುಕೊಂಡೆ, ಒಂದೂ ಬಾಯಿ ತೆರೆಸಲಿಲ್ಲ. ಅಂಧೇರಿಯಲ್ಲಿ ಅರ್ಧ ಡಬ್ಬಿ ಖಾಲಿಯಾಯಿತು. ಇನ್ನು ಒಂದೇ ಸ್ಟೇಷನ್. ಜೈತೂನ್ ಎದ್ದು ಚೀಲ ಸರಿಮಾಡಿಕೊಂಡಳು. ನಾನು ಅವಳ ಕೈ ಹಿಡಿದು ಮತ್ತೆ ಕೂರಿಸಿದೆ.

"ಜೈತೂನ್, ನಾನು ನಿನಗೆ ಸುಳ್ಳು ಅಳತೆ ಕೊಟ್ಟದ್ದು. ಆ ಹಸಿರು ಬ್ಲೌಸ್ ಈಗ ನನಗೆ ಬರುವುದಿಲ್ಲ. ಸಪೂರ ಆಗ್ತೇನೆ ಅಂತ ಕೊಟ್ಟೆ, ಆಗಲಿಲ್ಲ. ಇವತ್ತು ತೋರಿಸುವುದು ಬೇಡ. ನಾನೇ ಮಾಲಕಿನ್ ಹತ್ತಿರ ಬಂದು ತಪ್ಪು ನನ್ನದು ಅಂತ ಹೇಳ್ತೇನೆ."

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಾಯಿಗೆ ಸೆರಗಿನ ಹಾಗೆ ಬುರ್ಖಾದ ತೋಳು ಒತ್ತಿಕೊಂಡು ನಗತೊಡಗಿದಳು.

"ಅಯ್ಯ ಅಕ್ಕಾರ, ಆ ಹಸರ ಬ್ಲೌಸ್ ನೋಡಿದ ಕೂಡ್ಲೇ ಗೊತ್ತಾತ್ರೀ ನನಗ. ಅದರಾಗ ನಿಮ್ಮ ಮಗಳು ಹೋಗ್ತಾಳ, ನೀವ್ ಹೋಗೂದಿಲ್ಲ. ಟೇಪ್ ಹಿಡೀಲೇನು ಅಂತ ಕೇಳಿದ್ರ ನಿಮಗ ಬ್ಯಾಸರ ಆಗ್ತದ ಅಂತ ಸುಮ್ಮಿದ್ದೆ. ಅದನ್ನ ಹಂಗs ಬಾಜೂಕ್ಕ ಇಟ್ಟೀನಿ. ಕಣ್ಣಳತಿ ಮ್ಯಾಲ ಕಟ್ ಮಾಡೀನ್ರೀ. ಮೂರ ವರ್ಷಾತು ಲೋಕಲ್‌ನಾಗ ನಿಮಗ ಒತ್ತಿಗೊಂಡು ನಿಂತು, ನಿಮ್ಮ ಅಳತಿ ನನಗ ಗೊತ್ತಿಲ್ಲೇನು?"

ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಸ್ವಲ್ಪ ಸ್ವಲ್ಪ ಬಂತು. ಆದರೆ ಕಣ್ಣಳತೆಯೆಂದರೆ ಕಣ್ಣಳತೆಯೇ. ಬರುತ್ತದೋ ಇಲ್ಲವೋ ಅಲ್ಲಾಹನಿಗೇ ಗೊತ್ತು ಎಂದು ಅವಳೂ ಮೆಟ್ಟಿಲು ಇಳಿಯುವಾಗ ಒಮ್ಮೆ ಅಂದಳು.

ಅಂಗಡಿ ಎಂದರೆ ಒಂದು ಉದ್ದದ ಕೋಣೆ. ನಡುವೆ ಮಾಸ್ಟರನ ಮೇಜು, ಮೂಲೆಯಲ್ಲಿ ಪರದೆ ಕಟ್ಟಿದ ಟ್ರಯಲ್ ಜಾಗ. ನಾನು ಪರದೆಯ ಹಿಂದೆ ಹೋಗಿ ಉಸಿರು ಹಿಡಿದುಕೊಂಡು ಬ್ಲೌಸ್ ತೊಟ್ಟೆ. ಹುಕ್ ಒಂದು, ಎರಡು, ಮೂರು. ಕೊನೆಯದೂ ಸಿಕ್ಕಿಕೊಂಡಿತು. ಉಸಿರು ಬಿಟ್ಟು ನೋಡಿದೆ, ಆಗಲೂ ಕೂತುಕೊಂಡಿತ್ತು. ಒಳಗೆ ಬೆರಳಾಡಿಸಿದರೆ ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಬಟ್ಟೆ ಮಡಿಚಿ ಬಿಟ್ಟಿದ್ದಳು. ನಾನು ತೆಳ್ಳಗಾದರೂ ದಪ್ಪಗಾದರೂ ಅದು ನನ್ನ ಜೊತೆ ಇರುವಂತೆ ಹೊಲಿದಿದ್ದಳು. ಇಷ್ಟು ಮರ್ಯಾದೆಯಿಂದ ನನ್ನ ಮೈಯನ್ನು ಯಾರೂ ಅಳೆದಿರಲಿಲ್ಲ.

ಹೊರಗೆ ಬಂದೆ. ಆಫೀಸಿನ ಹತ್ತಿ ಸೀರೆಗೆ ಬದನೆಕಾಯಿ ರೇಷ್ಮೆಯ ಬ್ಲೌಸ್, ನೋಡುವ ಹಾಗಿತ್ತು ನನ್ನ ಅವತಾರ. ಮಾಲಕಿನ್, "ಘೂಮೋ" ಎಂದರು. ನಾನು ತಿರುಗಿದೆ. "ಹಾಥ್ ಊಪರ್." ಎತ್ತಿದೆ. ಕಾಲೇಜಿನ ಆಫೀಸಿನಲ್ಲಿ ಹುಡುಗರನ್ನು ಕಣ್ಣಿನಲ್ಲೇ ಗದರಿಸುವ ನಾನು ಅಲ್ಲಿ ಎರಡೂ ಕೈ ಎತ್ತಿ ಬುಗುರಿಯ ಹಾಗೆ ತಿರುಗುತ್ತಿದ್ದೆ. ಮಾಸ್ಟರ್ ಅರವತ್ತು ದಾಟಿದ ಮನುಷ್ಯ. ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕಂಕುಳಿನ ಸುತ್ತಿನ ಹೊಲಿಗೆ ನೋಡಿದರು, ಎರಡೂ ತೋಳಿನ ಜರಿಯನ್ನು ಹೋಲಿಸಿದರು, ಬೆನ್ನಿನ ಹತ್ತಿರ ಬಹಳ ಹೊತ್ತು ನಿಂತರು. ತಪ್ಪು ಹುಡುಕುತ್ತಿದ್ದಾರೆಂದು ನನಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

"ಮಾಪ್ ಕಿಸ್‌ನೇ ಲಿಯಾ?" ಎಂದು ಕೇಳಿದರು. ಅಳತೆ ಯಾರು ಹಿಡಿದದ್ದು ಎಂದು.

ಜೈತೂನ್ ಉತ್ತರ ಕೊಡುವ ಮೊದಲೇ ನಾನು, "ಮಾಪ್ ಲಿಯಾ ಹೀ ನಹೀಂ. ಮೈನೇ ಗಲತ್ ಮಾಪ್ ದಿಯಾ ಥಾ, ಇಸ್‌ನೇ ಆಂಖ್ ಸೇ ಕಾಟಾ" ಎಂದುಬಿಟ್ಟೆ. ನನ್ನ ಹಿಂದಿ ಕೇಳಿ ಮಾಲಕಿನ್ ನಗು ತಡೆಯಲು ತುಟಿ ಬಿಗಿಹಿಡಿದರು. ಆದರೆ ನಾನು ಇಡೀ ಅಂಗಡಿಯ ಮುಂದೆ, ತಪ್ಪು ಅಳತೆ ನನ್ನದು, ಕಣ್ಣಳತೆಯ ಕೆಲಸ ಅವಳದು ಎಂದು ಹೇಳಿದ್ದೆ. ಇದಕ್ಕೆ ಯಾವ ಪುಸ್ತಕವನ್ನೂ ನೆನೆಯಬೇಕಾಗಲಿಲ್ಲ.

ಮಾಸ್ಟರ್ ಕನ್ನಡಕ ತೆಗೆದರು. ತಮ್ಮ ಮೇಜಿಗೆ ಹೋಗಿ, ಅಲ್ಲಿ ಹರಡಿದ್ದ ಬಟ್ಟೆಗಳನ್ನೆಲ್ಲ ಒಂದು ಬದಿಗೆ ಒಟ್ಟಿ, ಅರ್ಧ ಮೇಜು ಖಾಲಿ ಮಾಡಿದರು. ಮಾಲಕಿನ್ ಕಪಾಟಿನಿಂದ ಗಿರಾಕಿಯದೊಂದು ಗುಲಾಬಿ ರೇಷ್ಮೆಯ ಪೀಸು, ಅದರ ಅಳತೆಯ ಚೀಟಿ, ಒಂದು ಕತ್ತರಿ ತಂದು ಆ ಖಾಲಿ ಜಾಗದಲ್ಲಿಟ್ಟರು.

ಜೈತೂನ್ ಬಟ್ಟೆ ಹಾಸಿದಳು. ಚೀಟಿ ನೋಡಿ ಚಾಕಿನಲ್ಲಿ ಗೆರೆ ಹಾಕಿದಳು, ಒಂದೂ ಅಲುಗಲಿಲ್ಲ. ಕತ್ತರಿ ಎತ್ತಿಕೊಂಡವಳು ಅಲ್ಲೇ ನಿಂತಳು. ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು, ಎಲ್ಲರೂ ನೋಡುತ್ತಿದ್ದರು. ಅವಳು ಅಲ್ಲಿ ಬೇರೆ ಯಾರಿಗೂ ತಿಳಿಯದ ಕನ್ನಡದಲ್ಲಿ, ಮೆಲ್ಲಗೆ, "ಅಕ್ಕಾರ, ಕೈ ನಡಗಾಕ ಹತ್ತ್ಯಾವ್ರೀ" ಎಂದಳು.

ಗೋಡೆಯ ಗಡಿಯಾರದಲ್ಲಿ ಹತ್ತು ದಾಟಿತ್ತು. ಆಫೀಸಿನಲ್ಲಿ ನನ್ನ ಹೆಸರಿನ ಮುಂದೆ ಲೇಟ್ ಮಾರ್ಕ್ ಬಿದ್ದಾಗಿತ್ತು. ನಲವತ್ತು ಪುಸ್ತಕಗಳಲ್ಲಿ ಗೆರೆ ಎಳೆದ ನನಗೆ ಅವಳಿಗೆ ಹೇಳಲು ಒಂದು ಸಾಲೂ ನೆನಪಾಗಲಿಲ್ಲ. ನಾನು ಬ್ಯಾಗನ್ನು ಸ್ಟೂಲಿನ ಮೇಲಿಟ್ಟು, ಮೇಜಿನ ಆಚೆ ಬದಿಗೆ ಹೋಗಿ, ಬಟ್ಟೆಯ ಇನ್ನೊಂದು ತುದಿಯನ್ನು ಎರಡೂ ಅಂಗೈಗಳಿಂದ ಗಟ್ಟಿಯಾಗಿ ಒತ್ತಿ ಹಿಡಿದೆ.

"ಹಾಕು" ಎಂದೆ.

ಅವಳು ಕತ್ತರಿ ಹಾಕಿದಳು.